ಹ್ಯಾಂಡ್ ಬ್ರೇಕಿನೊಳಗಿನ ಶೂ ಎಲ್ಲಿಂದ ಬಂತು?

ಕಳೆದ ಮಳೆಗಾಲದಲ್ಲಿ ನಮ್ಮ ಸೆಕೆಂಡ್ ಹ್ಯಾಂಡ್ ಕಾರನ್ನು ಒಂದೂರಿನ ಏರಿನಲ್ಲಿ ನಿಲ್ಲಿಸಿ ಮಾತಾಡಲು ಇಳಿದಿದ್ದೆವು. ಅದು ತಾನಾಗಿಯೇ ಹಿಂದಕ್ಕೆ ಉರುಳತೊಡಗಿತು. ಕೆಳಗಿನ ಜಗಲಿಯ ಮೇಲೆ ಅಜ್ಜಿಯೊಬ್ಬರು ಮೊಮ್ಮಗುವನ್ನು ಕೂರಿಸಿಕೊಂಡಿದ್ದರು. ಯಾರೋ ಪುಣ್ಯಾತ್ಮರು ಓಡಿಬಂದು ಹಿಂದಿನ ಗಾಲಿಗೆ ಸೈಜುಗಲ್ಲು ಕೊಟ್ಟರು. ಹ್ಯಾಂಡ್ ಬ್ರೇಕ್ ಎಳೆದೇ ಇತ್ತು! "ಬ್ರೇಕ್ ಇದ್ದೂ ಕಲ್ಲೇ ಬೇಕಾಯ್ತಲ್ರಪ್ಪ" ಅಂದರು ಅಜ್ಜಿ.

ಮಾರನೇ ದಿನ ಮೇಸ್ತ್ರಿ ಹಿಂದಿನ ಡ್ರಮ್ ಬಿಚ್ಚಿ ತೋರಿಸಿದರು. ಅರ್ಧಚಂದ್ರದ ಆಕಾರದ ಎರಡು ಕಬ್ಬಿಣದ ಪಟ್ಟಿಗಳು, ಅವುಗಳ ಮೇಲೆ ಅಂಟಿಸಿದ ಲೈನರ್. ಲೈನರ್ ಸವೆದು ಹೆಚ್ಚುಕಡಿಮೆ ಕಬ್ಬಿಣವೇ ಕಾಣುತ್ತಿತ್ತು. "ಶೂ ಹೋಗಿದೆ" ಅಂದರು. ಗಾಲಿಯೊಳಗೆ ಕೂತ ಈ ಸಾಮಾನಿಗೆ ಶೂ ಅಂತ ಯಾಕೆ ಹೆಸರು ಬಂತು ಎಂದು ಹುಡುಕುತ್ತಾ ಹೋದೆವು.

ಕಾರು ಹುಟ್ಟುವ ಮೊದಲೇ ಯುರೋಪಿನ ಕುದುರೆಗಾಡಿಗಳಲ್ಲಿ 'ಶೂ' ಇತ್ತು. ಇಳಿಜಾರು ಬಂದಾಗ ಗಾಡಿಯವರು ಸರಪಳಿಗೆ ಕಟ್ಟಿದ ಕಬ್ಬಿಣದ ದೋಣಿಯಂಥ ತುಂಡನ್ನು ಚಕ್ರದ ಕೆಳಗೆ ಕೊಡುತ್ತಿದ್ದರು. ಚಕ್ರ ಉರುಳದೆ ಅದರ ಮೇಲೆ ಕೂತು ಜಾರುತ್ತಿತ್ತು. ಚಕ್ರಕ್ಕೆ ಬೂಟು ತೊಡಿಸಿದ ಹಾಗೆ. ಇನ್ನು ಕೆಲವು ಗಾಡಿಗಳಲ್ಲಿ ಮರದ ತುಂಡನ್ನು ಚಕ್ರದ ಪಟ್ಟಿಗೆ ಒತ್ತುವ ಏರ್ಪಾಡು. ನಮ್ಮ ಕಡೆಯ ಕೆಲವು ಎತ್ತಿನಗಾಡಿಗಳ ಹಿಂದೆ ಅಡ್ಡಮರ ಕಟ್ಟಿ ಹಗ್ಗದಲ್ಲಿ ಬಿಗಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಮೊದಲ ಕಾರುಗಳಿಗೂ ಇದೇ ಮರದ ತುಂಡೇ ಗತಿ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬ ಹೆಣ್ಣುಮಗಳು ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮೂರು ಚಕ್ರದ ಮೋಟಾರುಗಾಡಿಯಲ್ಲಿ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟುಬಿಟ್ಟರು. ಸುಮಾರು 100 ಕಿಲೋಮೀಟರ್ ದಾರಿ. ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲ. ಇಂಧನವನ್ನು ಔಷಧಿ ಅಂಗಡಿಯಲ್ಲಿ ಕೊಂಡರು. ಗುಡ್ಡ ಇಳಿಯುವಾಗ ಬ್ರೇಕಿನ ಮರ ಸವೆಯತೊಡಗಿತು. ಆಗ ಬೆರ್ತಾ ದಾರಿಯ ಹಳ್ಳಿಯೊಂದರಲ್ಲಿ ಚಪ್ಪಲಿ ಹೊಲಿಯುವವರ ಬಳಿ ಗಾಡಿ ನಿಲ್ಲಿಸಿ, ಮರದ ಮೇಲೆ ಚರ್ಮದ ಪಟ್ಟಿ ಹೊಡೆಸಿದರು. ಇವತ್ತು ನಾವು ಲೈನರ್ ಅನ್ನುವುದು ಅದನ್ನೇ. ಕಾರಿನ ಮೊದಲ ಬ್ರೇಕ್ ರಿಪೇರಿ ಮಾಡಿದ್ದು ಹಳ್ಳಿಯ ಚಮ್ಮಾರ ಎಂದರೆ ತಪ್ಪಾಗಲಾರದು. ಅವರ ಹೆಸರು ಬೆರ್ತಾ ಹೆಸರಿನಷ್ಟು ಉಳಿಯಲಿಲ್ಲ, ಅದು ಬೇರೆ ಮಾತು.

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲೂ ಬೂಟಿನದೇ ಕತೆ. ಅಲ್ಲಿನ ಗಾಡಿಯವರು ಬ್ರೇಕಿಗೆ ಹಳೆಯ ಬೂಟು ಸಿಕ್ಕಿಸುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬವರು ಗಮನಿಸಿದರಂತೆ. 1897ರಲ್ಲಿ ಅವರು ಇದಕ್ಕೆಂದೇ ಲೈನರ್ ತಯಾರಿಸಲು ಶುರುಮಾಡಿದರು. ಆಟೋಮೊಬೈಲ್ ಅಂಗಡಿಯ ಡಬ್ಬಿಗಳ ಮೇಲೆ ಕಾಣುವ 'ಫೆರೋಡೋ' ಹೆಸರು ಅವರ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ಕಟ್ಟಿದ್ದು. ಆಮೇಲೆ ಲೈನರಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬಂತು. ಬಿಸಿಯನ್ನು ಅದು ಚೆನ್ನಾಗಿ ತಡೆಯುತ್ತಿತ್ತು. ಆದರೆ ಅದರ ದೂಳು ಶ್ವಾಸಕೋಶಕ್ಕೆ ವಿಷ. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಅಷ್ಟರೊಳಗೆ ಎಷ್ಟೋ ಕೆಲಸಗಾರರ ಎದೆಗೆ ಆ ದೂಳು ಸೇರಿಯಾಗಿತ್ತು.

ಬ್ರೇಕನ್ನು ಮಳೆ, ಕೆಸರಿನಿಂದ ಕಾಪಾಡಲು ಡ್ರಮ್ಮಿನೊಳಗೆ ಇಟ್ಟು, ಶೂಗಳು ಒಳಗಿನಿಂದ ಹೊರಕ್ಕೆ ಅಗಲಿ ಒತ್ತುವಂತೆ ಮಾಡಿದವರು ಫ್ರಾನ್ಸಿನ ಲೂಯಿ ರೆನೊ, 1902ರಲ್ಲಿ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕಾಲಿನ ಬ್ರೇಕ್ ಗೇರ್‌ಬಾಕ್ಸನ್ನು ಹಿಡಿದರೆ, ಹಿಂದಿನ ಗಾಲಿಗಳ ಶೂ ಒತ್ತುತ್ತಿದ್ದುದು ಕೈಯ ಲಿವರ್. 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗೆ ಆಯಿಲ್ ಬ್ರೇಕ್ ಬಂತು. ಕಾಲಿನ ಬ್ರೇಕ್ ಹೀಗೆ ಆಯಿಲ್ಲಿಗೆ ಹೋದರೂ ಹ್ಯಾಂಡ್ ಬ್ರೇಕ್ ಮಾತ್ರ ತಂತಿಯಲ್ಲೇ ಉಳಿಯಿತು. ಆಯಿಲ್ ಸೋರಿಹೋದರೂ ಗಾಡಿ ನಿಲ್ಲಲೇಬೇಕಲ್ಲ! 2001ರಲ್ಲಿ ಬಿಎಂಡಬ್ಲ್ಯು 7 ಸೀರೀಸ್‌ನಲ್ಲಿ ಲಿವರ್ ಜಾಗಕ್ಕೆ ಬಟನ್ ಬಂದಿತು. ನಮ್ಮೂರುಗಳಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಈಗಲೂ ಲಿವರ್, ಕೇಬಲ್, ಹಿಂದೆ ಡ್ರಮ್. ಕಾಲಿನ ಬ್ರೇಕಿಗೂ ಕೈಯ ಬ್ರೇಕಿಗೂ ಅವೇ ಶೂ.

ನಮ್ಮ ಕಾರಿಗೆ ಆಗಿದ್ದೇನೆಂದರೆ, ಹಿಂದೊಮ್ಮೆ ಲಿವರ್ ತೀರಾ ಮೇಲಕ್ಕೆ ಬರುತ್ತದೆ ಎಂದಾಗ ಒಂದು ಗ್ಯಾರೇಜಿನಲ್ಲಿ ಡ್ರಮ್ ಬಿಚ್ಚದೆ ಕೇಬಲ್ ಬಿಗಿ ಮಾಡಿ ಕಳಿಸಿದ್ದರು. ಲಿವರ್ ಸರಿಹೋಯಿತು, ಸವೆತ ಮುಚ್ಚಿಹೋಯಿತು. ಮೊದಲು ಶೂ ನೋಡಬೇಕು, ಶೂ ಅಡ್ಜಸ್ಟ್ ಮಾಡಬೇಕು, ಕೇಬಲ್ ಕೊನೆಗೆ. ಬಿಚ್ಚುವ ಮುನ್ನ ಮುಂದಿನ ಗಾಲಿಗಳಿಗೆ ಕಲ್ಲು ಕೊಡಲೇಬೇಕು, ಯಾಕೆಂದರೆ ಡ್ರಮ್ ಹೊರಬರಲು ಹ್ಯಾಂಡ್ ಬ್ರೇಕ್ ಇಳಿಸಿರಬೇಕು. ಜಾಕಿಯೊಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಲೈನರ್ ಎಷ್ಟು ದಪ್ಪ ಉಳಿದಿರಬೇಕೆಂಬುದು ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಲೈನರ್ ಮೇಲೆ ಆಯಿಲ್ ಜಿಡ್ಡು ಕಂಡರೆ ವೀಲ್ ಸಿಲಿಂಡರ್ ಸೋರುತ್ತಿದೆಯೋ ನೋಡಿಸಿ. ಸೋರಿಕೆ ನಿಲ್ಲಿಸದೆ ಹೊಸ ಶೂ ಹಾಕಿದರೆ ಅದೂ ಹಾಳು. ಸ್ಪ್ರಿಂಗ್ ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಯಾವುದು ಎಲ್ಲಿತ್ತು ಎಂಬ ಜಗಳ ತಪ್ಪುತ್ತದೆ. ಎರಡೂ ಬದಿಯ ಶೂ ಒಟ್ಟಿಗೇ ಬದಲಾಗಬೇಕು.

ಡ್ರಮ್ಮಿನ ದೂಳನ್ನು ಬಾಯಲ್ಲಿ ಊದುವುದು, ಪಂಪ್ ಗಾಳಿ ಹೊಡೆಯುವುದು ನಮ್ಮ ಕಡೆ ಮಾಮೂಲಿ. ನಮ್ಮ ಮೇಸ್ತ್ರಿಯ ಹುಡುಗನೂ ಊದಲು ಬಗ್ಗಿದ್ದ. ತಡೆದು, ಒದ್ದೆ ಬಟ್ಟೆ ಕೊಟ್ಟೆವು. ಹಳೆಯ ಲೈನರಿನಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. "ಇಷ್ಟು ವರ್ಷ ಊದಿದೀನಿ, ಏನಾಗಿದೆ?" ಎಂದು ಮೇಸ್ತ್ರಿ ನಕ್ಕರು. ಹುಡುಗ ಮಾತ್ರ ಬಟ್ಟೆಯಲ್ಲೇ ಒರೆಸಿದ.