ಮಡಿ ವಾಲ್ವು

ನಮ್ಮ ಬೀದಿಗೆ ನೀರು ಬಿಡುವವನನ್ನು ಎಲ್ಲರೂ ವಾಲ್ವ್‌ಮನ್ ಎಂದೇ ಕರೆಯುತ್ತೇವೆ. ಬೆಳಗಿನ ಜಾವ ಸೈಕಲ್ಲಿನ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೇರಿಕೊಂಡು ಬಂದು, ರಸ್ತೆ ಪಕ್ಕದ ಗುಂಡಿಗೆ ಅದನ್ನಿಳಿಸಿ ನಾಲ್ಕು ಸುತ್ತು ತಿರುವಿದನೆಂದರೆ ಬೀದಿಯ ಕೊಡ ಬಕೆಟ್ಟುಗಳಿಗೆಲ್ಲ ಜೀವ ಬರುತ್ತದೆ. ಆ ಗುಂಡಿಯಲ್ಲಿ ಮಾತ್ರ ವರ್ಷವಿಡೀ ನೀರು ನಿಂತಿರುತ್ತದೆ. "ಯಾಕಪ್ಪಾ, ಸರಿಮಾಡಿಸಬಾರದೆ?" ಎಂದರೆ, "ಒಸರದ ವಾಲ್ವು ಎಲ್ಲಿರುತ್ತಮ್ಮಾ?" ಎಂದು ನಗುತ್ತಾನೆ.

ಇದೆ. ಅದರ ಕಥೆ ಹೇಳಲೆಂದೇ ಕುಳಿತಿದ್ದೇನೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದಕ್ಕೆ ಕವಾಟವೆಂಬ ಹೆಸರಿತ್ತು. ಆದರೆ ಕವಾಟವೆಂದರೆ ನಮಗೆ ಹೃದಯದ್ದೇ ನೆನಪಾಗುವುದರಿಂದ ವಾಲ್ವು ಎಂದೇ ಬರೆಯುತ್ತೇನೆ. ಮೊಬೈಲು, ಟಿವಿ, ಕೊನೆಗೆ ವಾಷಿಂಗ್ ಮೆಷಿನ್ನಿನ ಹೊಟ್ಟೆಯೊಳಗೂ ಇರುವ ಸಿಲಿಕಾನ್ ಚಿಪ್ಪನ್ನು ತಯಾರಿಸಲು ನಾನಾ ಬಗೆಯ ಅನಿಲಗಳು, ಆಮ್ಲಗಳು ಬೇಕು. ಅವನ್ನು ಹರಿಸುವ ಕೊಳವೆಗಳಲ್ಲಿ ಹೆಜ್ಜೆಹೆಜ್ಜೆಗೂ ವಾಲ್ವುಗಳು. ಅವು ಒಸರಬಾರದು, ಅಷ್ಟೇ ಅಲ್ಲ, ತಮ್ಮ ಮೂಲಕ ಹೋಗುವುದಕ್ಕೆ ಒಂದು ಧೂಳಿನ ಕಣವನ್ನೂ ಸೇರಿಸಬಾರದು. ತಮಾಷೆಯೆಂದರೆ, ಇವುಗಳ ಇತಿಹಾಸದ ಒಂದು ದೊಡ್ಡ ಅಧ್ಯಾಯ ಶುರುವಾದದ್ದು, ತಿರುವಿದರೂ ಏನೂ ಬಾರದ ಒಂದು ವಾಲ್ವಿನಿಂದ.

ಗ್ಯಾಸ್ ಸ್ಟವ್ ಉರಿಯದಿದ್ದರೆ ನಾವು ಮೊದಲು ಮಾಡುವುದೇನು? ಸಿಲಿಂಡರನ್ನು ಎತ್ತಿ ನೋಡುವುದು. ಭಾರವಿದ್ದರೆ ಗ್ಯಾಸಿದೆ, ಬೇರೆಲ್ಲೋ ತೊಂದರೆ. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ನಡೆದದ್ದೂ ಇದೇ. ರಾಯ್ ಪ್ಲಂಕೆಟ್ ಎಂಬ 27 ವರ್ಷದ ರಸಾಯನಶಾಸ್ತ್ರಜ್ಞ ಫ್ರಿಜ್ಜಿಗೆ ಹೊಂದುವ ಹೊಸ ಅನಿಲವನ್ನು ಹುಡುಕುತ್ತಿದ್ದ. ಅದಕ್ಕೆ ಬೇಕಾದ ಟೆಟ್ರಾಫ್ಲೂರೋಎಥಿಲೀನ್ ಎಂಬ ಅನಿಲವನ್ನು ಸಣ್ಣ ಸಣ್ಣ ಸಿಲಿಂಡರುಗಳಲ್ಲಿ ತುಂಬಿ ಮಂಜಿನಲ್ಲಿಟ್ಟಿದ್ದ. ಅಂದು ಅವನ ಸಹಾಯಕ ಜ್ಯಾಕ್ ರೆಬೋಕ್ ವಾಲ್ವು ತಿರುವಿದರೆ ಅನಿಲವೇ ಬರಲಿಲ್ಲ. ತೂಗಿ ನೋಡಿದರೆ ಸಿಲಿಂಡರು ಖಾಲಿಯಾಗಿರಲೂ ಇಲ್ಲ. ವಾಲ್ವಿನ ಬಾಯಿಗೆ ತಂತಿ ತೂರಿಸಿ ನೋಡಿದರು, ಕಟ್ಟಿಕೊಂಡಿರಲಿಲ್ಲ. ಕೊನೆಗೆ ವಾಲ್ವನ್ನೇ ಬಿಚ್ಚಿ ಸಿಲಿಂಡರನ್ನು ಬಗ್ಗಿಸಿದಾಗ ಒಂದಿಷ್ಟು ಬಿಳಿ ಪುಡಿ ಉದುರಿತು. ಗರಗಸದಿಂದ ಕೊಯ್ದರೆ ಒಳಗೋಡೆಯೆಲ್ಲ ಅದೇ ಪುಡಿ. ನಾವಾಗಿದ್ದರೆ ಏಜೆನ್ಸಿಗೆ ಫೋನು ಮಾಡಿ ಬೈದು ಸುಮ್ಮನಾಗುತ್ತಿದ್ದೆವು. ಆ ಪುಣ್ಯಾತ್ಮ ಪುಡಿಯನ್ನು ಪರೀಕ್ಷಿಸಿದ. ಅದನ್ನು ಯಾವ ಆಮ್ಲವೂ ತಿನ್ನಲಿಲ್ಲ, ಯಾವ ದ್ರಾವಕವೂ ಕರಗಿಸಲಿಲ್ಲ, ಬಿಸಿಗೂ ಅದು ಸುಲಭವಾಗಿ ಜಗ್ಗಲಿಲ್ಲ. ಮುಟ್ಟಿದರೆ ಜಾರುತ್ತಿತ್ತು. ಅದಕ್ಕೆ ಆಮೇಲೆ ಬಂದ ವ್ಯಾಪಾರದ ಹೆಸರು ಟೆಫ್ಲಾನ್.

ಇಂಥ ವಸ್ತುವಿಗೆ ಮೊದಲ ದೊಡ್ಡ ಕೆಲಸ ಕೊಟ್ಟದ್ದು ಯುದ್ಧ. ಅಣುಬಾಂಬಿಗಾಗಿ ಯುರೇನಿಯಂ ಶುದ್ಧಿ ಮಾಡಲು ಟೆನೆಸಿಯ ಓಕ್ ರಿಡ್ಜ್ ಎಂಬಲ್ಲಿ ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ, ಒಂದೊಂದು ತೋಳೂ ಅರ್ಧ ಮೈಲಿ ಉದ್ದವಿರುವ ಕಾರ್ಖಾನೆಯನ್ನು ಕಟ್ಟಿದರು. ಕೆ-25 ಎಂದು ಅದರ ಗುಪ್ತನಾಮ. ಅದರೊಳಗೆ ಹರಿಯಬೇಕಾದ ಯುರೇನಿಯಂ ಹೆಕ್ಸಾಫ್ಲೂರೈಡ್ ಮಹಾ ದುಷ್ಟ ಅನಿಲ. ಹೊರಗಿನ ಗಾಳಿಯ ತೇವ ಒಂದಿಷ್ಟು ಸೋಕಿದರೂ ಕೆಟ್ಟು, ಲೋಹವನ್ನು ತಿನ್ನುವ ಆಮ್ಲವಾಗುತ್ತದೆ. ನಮ್ಮ ನಲ್ಲಿಗಳಿಗೆ ಹಾಕುವ ರಬ್ಬರು, ನೂಲು, ಗ್ರೀಸು ಅಲ್ಲಿ ನಡೆಯುವಂತಿರಲಿಲ್ಲ. ವಾಲ್ವುಗಳ ಸಂದುಗಳಲ್ಲಿ ಕೂರಿಸಲು ಟೆಫ್ಲಾನ್ ಬಂತು. ಸೋರಿಕೆ ಕಂಡುಹಿಡಿಯಲು, ಕೊಳವೆಯ ಹೊರಗೆ ಹೀಲಿಯಂ ಊದಿ ಅದು ಒಳಗೆ ನುಸುಳಿತೇ ಎಂದು ನೋಡುವ ಯಂತ್ರವನ್ನು ರೂಪಿಸಿದರು. ಆ ಕೊಳವೆಗಳ ಮೇಲೆ ಹತ್ತಿ ಸೋರುವ ಬೆಸುಗೆಗಳನ್ನು ಹುಡುಕಿದವರಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿಯರಿದ್ದರು. ಕೊಳವೆಯಲ್ಲಿ ಹರಿಯುವುದೇನು, ಅದು ಯಾತಕ್ಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. 1945ರ ಆಗಸ್ಟ್ 6ರಂದು ಹಿರೋಶಿಮಾದ ಸುದ್ದಿ ರೇಡಿಯೋದಲ್ಲಿ ಬಂದಾಗಲೇ ತಾವು ಏನು ಮಾಡುತ್ತಿದ್ದೆವೆಂದು ಬಹುಪಾಲು ಜನಕ್ಕೆ ತಿಳಿದದ್ದು. ಚಿಪ್ಪಿನ ಕಾರ್ಖಾನೆಗೆ ಹೋಗುವ ವಾಲ್ವನ್ನು ಇಂದಿಗೂ ಪರೀಕ್ಷಿಸುವುದು ಅದೇ ಹೀಲಿಯಂ ಊದಿಯೇ.

ಟೆಫ್ಲಾನ್ ನಮ್ಮ ಅಡುಗೆಮನೆಗೆ ಬಂದದ್ದು ಫ್ರಾನ್ಸಿನ ದಾರಿಯಿಂದ. ಮಾರ್ಕ್ ಗ್ರೆಗ್ವಾರ್ ಎಂಬ ಇಂಜಿನಿಯರು ಮೀನು ಹಿಡಿಯುವ ಸಲಕರಣೆಗೆ ಅದನ್ನು ಬಳಿಯುತ್ತಿದ್ದಾಗ, "ನನ್ನ ಬಾಣಲೆಗೂ ಬಳಿಯಬಾರದೆ?" ಎಂದು ಹೆಂಡತಿ ಕೊಲೆಟ್ ಕೇಳಿದಳಂತೆ. 1956ರಲ್ಲಿ ಟೆಫಾಲ್ ಕಂಪನಿ ಹುಟ್ಟಿತು. ದೋಸೆ ಏಳದ ಕಾವಲಿಯೊಡನೆ ಗುದ್ದಾಡಿದ ನಾವೆಲ್ಲ ಆ ತಾಯಿಯನ್ನು ನೆನೆಯಬೇಕು.

ಚಿಪ್ಪಿಗೆ ಬರೋಣ. ನನ್ನ ಅಜ್ಜಿ ಮಡಿಯವರು. ಅವರ ಸೀರೆ ಒಣಗುತ್ತಿದ್ದುದು ಸೂರಿಗೆ ಕಟ್ಟಿದ ಗಳುವಿನ ಮೇಲೆ. ಅದನ್ನು ಕೋಲಿನಿಂದಲೇ ಏರಿಸಿ ಇಳಿಸಬೇಕು. ಮಕ್ಕಳು ಮುಟ್ಟಿದರೆ ಮತ್ತೆ ಸ್ನಾನ. ಬಾವಿಯಿಂದ ಸೇದಿದ ಕೊಡ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಯಾರೂ ಅಡ್ಡ ಬರುವಂತಿರಲಿಲ್ಲ. ಚಿಪ್ಪಿನ ಕಾರ್ಖಾನೆಯ ವಿಷಯ ಓದಿದಾಗ ನನಗೆ ಮೊದಲು ಕಣ್ಣಿಗೆ ಕಟ್ಟಿದ್ದು ಅಜ್ಜಿಯೇ. ಅಲ್ಲಿ ಮನುಷ್ಯರು ಕಣ್ಣು ಬಿಟ್ಟು ಉಳಿದದ್ದೆಲ್ಲ ಮುಚ್ಚುವ ಬಿಳಿ ನಿಲುವಂಗಿ ತೊಟ್ಟು ಓಡಾಡುತ್ತಾರೆ. ಮೈಯ ಮೈಲಿಗೆ ಚಿಪ್ಪಿಗೆ ತಗಲದಿರಲೆಂದು.

ಈ ಮಡಿ ಬರಿಯ ಅತಿಯಲ್ಲ. 1960ರ ದಶಕದ ಮೊದಲಲ್ಲಿ ಒಂದು ಬಗೆಯ ಟ್ರಾನ್ಸಿಸ್ಟರುಗಳು ಇಂದು ಒಂದು ರೀತಿ, ನಾಳೆ ಇನ್ನೊಂದು ರೀತಿ ನಡೆದುಕೊಂಡು ತಯಾರಕರ ತಲೆ ಕೆಡಿಸಿದ್ದವು. ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಕಂಪನಿಯ ಎಡ್ವರ್ಡ್ ಸ್ನೋ, ಆಂಡ್ರ್ಯೂ ಗ್ರೋವ್, ಬ್ರೂಸ್ ಡೀಲ್, ಚಿ-ತಾಂಗ್ ಸಾ ನಾಲ್ವರೂ 1965ರಲ್ಲಿ ಪ್ರಕಟಿಸಿದ ಪ್ರಬಂಧ ಕಳ್ಳನನ್ನು ತೋರಿಸಿತು. ಸೋಡಿಯಂ! ನಮ್ಮ ಉಪ್ಪಿನಲ್ಲಿ, ಬೆವರಿನಲ್ಲಿ ಇರುವುದೇ. ಚಿಟಿಕೆಯಷ್ಟೂ ಬೇಕಿಲ್ಲ, ಲೆಕ್ಕಕ್ಕೆ ಸಿಗದಷ್ಟು ಸೇರಿದರೂ ಕೆಲಸ ಕೆಡುತ್ತದೆ. ಚಿಪ್ಪಿನ ಗೆರೆಗಳು ಸಣ್ಣದಾಗುತ್ತಾ ಹೋದಂತೆ ಮಡಿಯೂ ಬಿಗಿಯಾಗುತ್ತಾ ಹೋಯಿತು. ಅನಿಲಗಳಲ್ಲಿ ನೂರು ಕೋಟಿಗೆ ಒಂದು ಭಾಗ ಕೊಳೆಯನ್ನೂ ಎಣಿಸುವ ಕಾಲ ಬಂತು. ಅಂದರೆ 32 ವರ್ಷಗಳಲ್ಲಿ ಒಂದೇ ಒಂದು ಸೆಕೆಂಡು!

1980ರ ದಶಕದಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ತದಾಹಿರೊ ಓಮಿ ಈ ಮಡಿಯನ್ನೇ ಶಾಸ್ತ್ರ ಮಾಡಿದರು. ಸಿಲಿಂಡರಿನಲ್ಲಿ ಅನಿಲ ಎಷ್ಟೇ ಶುದ್ಧವಿದ್ದರೂ ದಾರಿಯಲ್ಲಿ, ಅಂದರೆ ಕೊಳವೆಯಲ್ಲಿ, ವಾಲ್ವಿನಲ್ಲಿ ಕೆಡುತ್ತದೆ ಎಂಬುದು ಅವರ ವಾದ. ನಮ್ಮ ಬಚ್ಚಲಿನ ನಲ್ಲಿಯನ್ನೇ ನೋಡಿ. ತಿರುವುವ ಕಡ್ಡಿ ಇದೆ, ಅದರ ಸುತ್ತ ನೀರು ಒಸರದಂತೆ ನೂಲೋ ರಬ್ಬರೋ ಬಿಗಿದಿದೆ. ಪ್ರತಿ ಸಲ ತಿರುವಿದಾಗಲೂ ಅಲ್ಲಿ ಏನೋ ಉಜ್ಜುತ್ತದೆ, ಸವೆಯುತ್ತದೆ, ಸವೆದದ್ದು ನೀರಿಗೆ ಸೇರುತ್ತದೆ. ಮಡಿ ವಾಲ್ವಿನಲ್ಲಿ ಆ ಕಡ್ಡಿ ಅನಿಲವನ್ನು ಮುಟ್ಟುವುದೇ ಇಲ್ಲ. ನಡುವೆ ತಬಲದ ಚರ್ಮದ ಹಾಗೆ ಬಿಗಿದ ತೆಳು ಲೋಹದ ಬಿಲ್ಲೆ. ಮೇಲಿನಿಂದ ಒತ್ತಿದರೆ ಅದು ಬಾಗಿ ರಂಧ್ರವನ್ನು ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಒಳಗೋಡೆಯ ಉಕ್ಕನ್ನು ನಾವು ತಾಮ್ರದ ಚೆಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದಂತೆ ತಿಕ್ಕುವುದಿಲ್ಲ. ತಿಕ್ಕಿದರೆ ಗೀರು, ಗೀರಿನಲ್ಲಿ ಕೊಳೆ. ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಕನ್ನಡಿ ಮಾಡುತ್ತಾರೆ. ಶುದ್ಧ ಕೋಣೆಯಲ್ಲೇ ಜೋಡಿಸಿ, ಚೀಲದೊಳಗೊಂದು ಚೀಲದಲ್ಲಿ ಕಟ್ಟಿ ಕಳಿಸುತ್ತಾರೆ.

ಅನಿಲಕ್ಕೆ ಉಕ್ಕು ಸರಿ. ಗಾಜನ್ನೂ ತಿನ್ನುವ ಹೈಡ್ರೋಫ್ಲೂರಿಕ್ ಆಮ್ಲಕ್ಕೆ ಉಕ್ಕು ನಿಲ್ಲುವುದಿಲ್ಲ. ಅಲ್ಲಿ ವಾಲ್ವಿನ ಮೈಯೇ ಟೆಫ್ಲಾನ್, ಇಲ್ಲವೆ ಅದರ ಸೋದರಿಯರಾದ ಪ್ಲಾಸ್ಟಿಕ್ಕುಗಳು. ಅನಿಲದ ವಾಲ್ವಿನಲ್ಲೂ ಬಿಲ್ಲೆ ಕೂರುವ ಪೀಠ ಬಹುಮಟ್ಟಿಗೆ ಆ ಕುಲದ್ದೇ.

ಇವುಗಳ ಮಾರುಕಟ್ಟೆ ವಿಚಿತ್ರವಾದದ್ದು. ಮಾರುವವರು ಬೆರಳೆಣಿಕೆಯ ಜನ. ಓಹಾಯೋದಲ್ಲಿ 1947ರಲ್ಲಿ ಫ್ರೆಡ್ ಲೆನನ್ ಶುರುಮಾಡಿದ, ಈಗ ಸ್ವೇಜ್‌ಲಾಕ್ ಎಂದು ಹೆಸರಾದ ಕಂಪನಿ, 1930ರಲ್ಲಿ ಹುಟ್ಟಿದ ಒಸಾಕಾದ ಫುಜಿಕಿನ್, ಅಮೆರಿಕದ ಎಂಟೆಗ್ರಿಸ್, ಇನ್ನು ಕೆಲವರು. ಹೊಸಬರು ಒಳಗೆ ಬರುವುದು ಕಷ್ಟ. ಇಂಟೆಲ್ ಕಂಪನಿಗೆ 'ಕಾಪಿ ಎಕ್ಸಾಕ್ಟ್ಲಿ' ಎಂಬ ಒಂದು ನೇಮವೇ ಇದೆ. ಒಂದು ಕಾರ್ಖಾನೆಯಲ್ಲಿ ಹೇಗೋ ಇನ್ನೊಂದರಲ್ಲೂ ಹಾಗೆಯೇ, ಕೊಳವೆಯ ಉದ್ದ ಕೂಡ ಬದಲಾಗಕೂಡದು. ಉಪ್ಪಿನಕಾಯಿ ಕೆಡದೆ ಬಂದ ಜಾಡಿಯನ್ನು ಯಾವ ಹೆಂಗಸಾದರೂ ಬದಲಾಯಿಸುತ್ತಾಳೆಯೆ? ಹೊಸ ವಾಲ್ವು ಅಗ್ಗವಾಗಿ ಸಿಗಬಹುದು. ಅದರಿಂದ ಉಳಿಯುವ ದುಡ್ಡಿಗಿಂತ ಕೆಡುವ ಒಂದು ದಿನದ ಚಿಪ್ಪುಗಳ ಬೆಲೆ ಎಷ್ಟೋ ಪಾಲು ಹೆಚ್ಚು.

ಚಿಪ್ಪು ಕೆಡುವುದೊಂದೇ ಅಲ್ಲ. ಸಿಲೇನ್ ಎಂಬ ಅನಿಲ ಗಾಳಿ ಸೋಕಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆರ್ಸೀನ್ ಪಾಷಾಣದ ಮಗಳು. 1991ರ ಅಕ್ಟೋಬರ್ 2ರಂದು ಒಸಾಕಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಿಲೇನ್ ಸಿಲಿಂಡರು ಸಿಡಿದು ಇಬ್ಬರು ವಿದ್ಯಾರ್ಥಿಗಳು ಸತ್ತರು. ಅನಿಲ ಒಂದೇ ದಿಕ್ಕಿನಲ್ಲಿ ಹರಿಯುವಂತೆ ಹಾಕಿದ್ದ ವಾಲ್ವಿನೊಳಗಿನ ರಬ್ಬರು ಉಂಗುರ ಕೆಟ್ಟಿತ್ತು. ಅದರ ಮೂಲಕ ಬೇರೊಂದು ಅನಿಲ, ನೈಟ್ರಸ್ ಆಕ್ಸೈಡ್, ಹಿಂದಕ್ಕೆ ಹರಿದು ಸಿಲೇನಿನೊಡನೆ ಬೆರೆತಿತ್ತು. ಇದನ್ನು ಓದಿದ ಮೇಲೆ ಗ್ಯಾಸ್ ತರುವ ಹುಡುಗ ಸಿಲಿಂಡರಿನ ಬಾಯಿಯ ರಬ್ಬರು ಉಂಗುರವನ್ನು ಪಿನ್ನಿನಿಂದ ಎತ್ತಿ ಬೇರೆ ಹಾಕಿಕೊಡುವಾಗ, ಗಡಿಬಿಡಿ ಮಾಡಬೇಡಪ್ಪಾ ಎಂದು ನಿಂತು ನೋಡುತ್ತೇನೆ.

ಅಜ್ಜಿಯ ಮಡಿಯ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಆ ಮಡಿ ನಡೆಯುತ್ತಿದ್ದುದು ಅಂಗಳ ಸಾರಿಸಿ, ಬಾವಿಕಟ್ಟೆ ತಿಕ್ಕಿ, ಸೌದೆ ಒಡೆದು ಕೊಡುತ್ತಿದ್ದ ಒಬ್ಬಾಕೆಯಿಂದ. ಅವಳು ಹಿತ್ತಲ ಬಾಗಿಲು ದಾಟುವಂತಿರಲಿಲ್ಲ. ನನಗೆ ಹತ್ತು ವರ್ಷವಾಗುವವರೆಗೂ ಅದು ವಿಚಿತ್ರವೆಂದು ಅನ್ನಿಸಿರಲೇ ಇಲ್ಲ. ಟೆಫ್ಲಾನಿನ ಹಿತ್ತಲಿನ ಕಥೆ ಓದುವಾಗ ಅವಳ ನೆನಪಾಯಿತು.

ಡ್ಯೂಪಾಂಟ್ ದೊಡ್ಡ ಪ್ರಮಾಣದಲ್ಲಿ ಟೆಫ್ಲಾನ್ ಮಾಡುತ್ತಿದ್ದುದು ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಪಟ್ಟಣದ ಹತ್ತಿರ, ಓಹಾಯೋ ನದಿಯ ದಂಡೆಯ ಮೇಲೆ. ತಯಾರಿಕೆಗೆ ಸಿ-8 ಎಂಬ ಇನ್ನೊಂದು ರಾಸಾಯನಿಕ ಬೇಕಿತ್ತು. ಅದನ್ನು 1951ರಿಂದ ತ್ರೀಎಂ ಕಂಪನಿಯಿಂದ ತರಿಸುತ್ತಿದ್ದರು. ಟೆಫ್ಲಾನಿನ ಗುಣವೇ ಅದರ ದೋಷ ಕೂಡ: ಅದನ್ನೂ ಅದರ ಬಳಗವನ್ನೂ ಯಾವುದೂ ತಿನ್ನುವುದಿಲ್ಲ. ಮಣ್ಣೂ ತಿನ್ನದು, ನೀರೂ ತಿನ್ನದು. ಸಿ-8 ರಕ್ತಕ್ಕೆ ಸೇರಿದರೆ ವರ್ಷಗಟ್ಟಲೆ ಉಳಿಯುತ್ತದೆ. 1981ರಲ್ಲಿ ತ್ರೀಎಂ, ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಮರಿಗಳ ಕಣ್ಣುಗಳಲ್ಲಿ ದೋಷ ಕಂಡಿತೆಂದು ಡ್ಯೂಪಾಂಟಿಗೆ ತಿಳಿಸಿತು. ಕಂಪನಿ ಟೆಫ್ಲಾನ್ ವಿಭಾಗದ ಹೆಂಗಸರನ್ನು ಅಲ್ಲಿಂದ ಬೇರೆಡೆಗೆ ಹಾಕಿತು. ಅಲ್ಲಿ ದುಡಿದ ತಾಯಂದಿರ ಏಳು ಹೆರಿಗೆಗಳನ್ನು ಪರಿಶೀಲಿಸಿದಾಗ ಇಬ್ಬರು ಮಕ್ಕಳ ಕಣ್ಣಿನಲ್ಲಿ ದೋಷವಿತ್ತು. ಈ ವಿಷಯ ಕಾರ್ಖಾನೆಯ ಗೋಡೆಯಿಂದಾಚೆ ಬರಲಿಲ್ಲ. 1984ರ ಹೊತ್ತಿಗೆ ಸುತ್ತಲಿನ ಊರುಗಳ ನಲ್ಲಿ ನೀರಿನಲ್ಲೂ ಸಿ-8 ಇದೆಯೆಂದು ಕಂಪನಿಗೆ ಗೊತ್ತಾಗಿತ್ತು. ಅದನ್ನೂ ಊರಿನವರಿಗೆ ಹೇಳಲಿಲ್ಲ. ನೂರು ಕೋಟಿಯಲ್ಲಿ ಒಂದು ಭಾಗ ಕೊಳೆಯನ್ನು ತಡೆಯುವ ವಾಲ್ವಿಗೆ ಮೈಕೊಟ್ಟ ವಸ್ತು ಹುಟ್ಟುವ ಜಾಗದ ನೀರಿನ ಗತಿ ಅದು.

ಒಬ್ಬ ದನಗಾಹಿ ರೈತನ ದನಗಳು ಸಾಲಾಗಿ ಸತ್ತು, ಅವನು ವಕೀಲ ರಾಬರ್ಟ್ ಬಿಲಟ್ ಅವರ ಬಳಿಗೆ ಹೋಗದಿದ್ದರೆ ಇದು ಹೊರಬರುತ್ತಿತ್ತೋ ಇಲ್ಲವೋ. 1999ರಲ್ಲಿ ಮೊಕದ್ದಮೆ ಶುರುವಾಯಿತು. 2001ರಲ್ಲಿ ಊರಿನವರೆಲ್ಲರ ಪರವಾಗಿ ಇನ್ನೊಂದು. 2004ರ ರಾಜಿಯಲ್ಲಿ ಬಂದ ಹಣದಲ್ಲಿ ಒಂದು ಪಾಲನ್ನು ಜನರ ರಕ್ತ ಪರೀಕ್ಷೆಗೆಂದು ತೆಗೆದಿಟ್ಟರು. ರಕ್ತ ಕೊಟ್ಟು ತಮ್ಮ ಆರೋಗ್ಯದ ವಿವರ ಬರೆಸಿದವರಿಗೆ ತಲೆಗೆ 400 ಡಾಲರು. 2005, 2006ರಲ್ಲಿ ಸುಮಾರು 69,000 ಜನ ಬಂದರು, ಸಂಸಾರ ಸಂಸಾರವೇ ಸಾಲಿನಲ್ಲಿ ನಿಂತು ತೋಳು ಚಾಚಿತು. ಆ ರಕ್ತವನ್ನು ಇಟ್ಟುಕೊಂಡು ವಿಜ್ಞಾನಿಗಳು 2012ರವರೆಗೆ ಲೆಕ್ಕ ಹಾಕಿ, ಸಿ-8ಕ್ಕೂ ಆರು ಕಾಯಿಲೆಗಳಿಗೂ ನಂಟಿರುವ ಸಂಭವ ಹೆಚ್ಚೆಂದರು. ಮೂತ್ರಪಿಂಡದ ಕ್ಯಾನ್ಸರು, ಥೈರಾಯ್ಡಿನ ತೊಂದರೆ ಅವುಗಳಲ್ಲಿದ್ದವು. ಬಸುರಿಯಲ್ಲಿ ಏರುವ ರಕ್ತದೊತ್ತಡವೂ ಇತ್ತು. 2017ರಲ್ಲಿ ಸಾವಿರಾರು ಮೊಕದ್ದಮೆಗಳನ್ನು ಸೇರಿಸಿ 67.1 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಂಡರು. ಅಷ್ಟರಲ್ಲಿ ಅಮೆರಿಕದ ದೊಡ್ಡ ಕಂಪನಿಗಳು ಸಿ-8 ಬಳಕೆ ನಿಲ್ಲಿಸಿದ್ದವು.

2023ರಲ್ಲಿ ಯೂರೋಪಿನ ಐದು ದೇಶಗಳು ಈ ಬಳಗದ ಸಾವಿರಾರು ರಾಸಾಯನಿಕಗಳಿಗೆಲ್ಲ ಕಡಿವಾಣ ಹಾಕುವ ಪ್ರಸ್ತಾಪವಿಟ್ಟವು. ಕಾವಲಿಗೆ ಬೇರೆ ಲೇಪ ಹುಡುಕಬಹುದು, ಕಬ್ಬಿಣದ ಕಾವಲಿಗೇ ಹಿಂತಿರುಗಬಹುದು. ನಾನು ಹಿಂತಿರುಗಿದ್ದೇನೆ, ಮೊದಲ ಎರಡು ದೋಸೆ ಹಾಳಾಗುತ್ತವೆ ಅಷ್ಟೆ. ಆದರೆ ಚಿಪ್ಪು ತಯಾರಿಸುವವರು, ನಮ್ಮ ವಾಲ್ವು, ಕೊಳವೆ, ಉಂಗುರಗಳಿಗೆ ಇದಕ್ಕೆ ಸಮನಾದ ಬೇರೆ ವಸ್ತುವಿಲ್ಲ, ನಮಗೆ ವಿನಾಯಿತಿ ಬೇಕು ಎಂದು ಅರ್ಜಿ ಹಾಕಿಕೊಂಡರು. ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಅಜ್ಜಿಯೂ ಸುಳ್ಳು ಹೇಳುತ್ತಿರಲಿಲ್ಲ. ಒಂದು ದಿನ ಹಿತ್ತಲ ಬಾಗಿಲ ಬಳಿ ನಿಂತಿದ್ದವಳಿಗೆ ಜ್ವರ ಬಂದು ಕೆಲಸಕ್ಕೆ ಬರದಿದ್ದಾಗ, "ಇನ್ನು ಮಡಿ ನೀರಿಗೆ ಏನು ಮಾಡಲಿ?" ಎಂದು ಅವರು ನಿಜವಾಗಿಯೂ ಚಿಂತೆಯಿಂದ ಕೇಳಿದ್ದರು. ಅವಳಿಗೆ ಜ್ವರ ಎಷ್ಟಿದೆಯೆಂದು ಕೇಳಿದ್ದು ಅಮ್ಮ.