ಆಸ್ಟ್ರೇಲಿಯಾ–ಅಮೆರಿಕ ಮೈತ್ರಿ: ಒಪ್ಪಂದದಲ್ಲಿ ಏನಿದೆ, ಏನಿಲ್ಲ

ಆಸ್ಟ್ರೇಲಿಯಾದ ಮೇಲೆ ನಾಳೆ ಯಾರಾದರೂ ದಾಳಿ ಮಾಡಿದರೆ ಅಮೆರಿಕ ಯುದ್ಧಕ್ಕೆ ಇಳಿಯಲೇಬೇಕಾ? ಕ್ವಾಡ್, ಆಕಸ್ ಅಂತ ಚರ್ಚೆ ಶುರುವಾದಾಗಲೆಲ್ಲ ಈ ಪ್ರಶ್ನೆ ಬರುತ್ತೆ. ‘ಹೌದು, ಒಪ್ಪಂದ ಇದೆಯಲ್ಲ’ ಅನ್ನುವವರೇ ಹೆಚ್ಚು. ಒಪ್ಪಂದ ಇರೋದು ನಿಜ. ಆದರೆ ಅದರಲ್ಲಿ ಹಾಗೆ ಬರೆದಿಲ್ಲ.

ಸಿಡ್ನಿಗೂ ಲಾಸ್ ಏಂಜಲೀಸ್‌ಗೂ ನಡುವೆ ಸುಮಾರು 12,000 ಕಿಲೋಮೀಟರ್ ಸಮುದ್ರ ಇದೆ. ಇಷ್ಟು ದೂರದ ಎರಡು ದೇಶಗಳನ್ನು ಕಟ್ಟಿಹಾಕಿರುವ ಒಪ್ಪಂದದ ಹೆಸರು ಆನ್ಜಸ್. 1951ರ ಸೆಪ್ಟೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಅಮೆರಿಕ ಇದಕ್ಕೆ ಸಹಿ ಹಾಕಿದವು. ಇರೋದು ಬರೀ 11 ವಿಧಿ, ಚಹಾ ಕುಡಿಯುವಷ್ಟರಲ್ಲಿ ಓದಿ ಮುಗಿಸಬಹುದು. ಮುಖ್ಯವಾದದ್ದು ನಾಲ್ಕನೇ ವಿಧಿ. ಪೆಸಿಫಿಕ್ ಪ್ರದೇಶದಲ್ಲಿ ಒಬ್ಬರ ಮೇಲೆ ಸಶಸ್ತ್ರ ದಾಳಿ ನಡೆದರೆ ಅದು ತನ್ನ ಶಾಂತಿ, ಸುರಕ್ಷತೆಗೂ ಅಪಾಯ ಎಂದು ಪ್ರತಿ ದೇಶವೂ ಒಪ್ಪುತ್ತದೆ. ಆ ಅಪಾಯ ಎದುರಿಸಲು ತನ್ನ ಸಂವಿಧಾನದ ಪ್ರಕ್ರಿಯೆಗಳಂತೆ ನಡೆದುಕೊಳ್ಳುತ್ತದೆ. ಅಂದರೆ ಸೇನೆ ಕಳಿಸಬೇಕೋ, ಹಣ ಕೊಡಬೇಕೋ, ಖಂಡನಾ ಹೇಳಿಕೆ ಹೊರಡಿಸಿ ಸುಮ್ಮನಾಗಬೇಕೋ ಅನ್ನೋದು ಅವರವರಿಗೇ ಬಿಟ್ಟದ್ದು. ನೇಟೊ ಒಪ್ಪಂದದಲ್ಲಿ ‘ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ’ ಎಂಬ ಮಾತಾದರೂ ಇದೆ, ಇಲ್ಲಿ ಅದೂ ಇಲ್ಲ.

ಇಷ್ಟು ತೆಳುವಾದ ಭರವಸೆಗೆ ಆಸ್ಟ್ರೇಲಿಯಾ ಯಾಕೆ ಒಪ್ಪಿತು? ಅದಕ್ಕೆ 1942ಕ್ಕೆ ಹೋಗಬೇಕು. ಬ್ರಿಟನ್ ತನ್ನನ್ನು ಕಾಯುತ್ತದೆ, ಸಿಂಗಾಪುರದ ಕೋಟೆ ಬೀಳೋದಿಲ್ಲ ಅಂತ ಆ ದೇಶ ನಂಬಿ ಕೂತಿತ್ತು. ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನ್ ಕೈಗೆ ಬಿತ್ತು, ಸಾವಿರಾರು ಆಸ್ಟ್ರೇಲಿಯನ್ ಸೈನಿಕರು ಸೆರೆಯಾದರು. ನಾಲ್ಕೇ ದಿನಕ್ಕೆ ಡಾರ್ವಿನ್ ನಗರದ ಮೇಲೆ ಬಾಂಬ್ ಬಿತ್ತು. ಇನ್ನು ನಮಗೆ ಅಮೆರಿಕವೇ ದಿಕ್ಕು ಎಂಬರ್ಥದಲ್ಲಿ ಪ್ರಧಾನಿ ಜಾನ್ ಕರ್ಟಿನ್ 1941ರ ಡಿಸೆಂಬರ್‌ನಲ್ಲೇ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಜಪಾನ್ ಜೊತೆ ಮೃದುವಾದ ಶಾಂತಿ ಒಪ್ಪಂದ ಬೇಕಿತ್ತು, ಆಸ್ಟ್ರೇಲಿಯಾಕ್ಕೆ ಅದೇ ಜಪಾನ್ ಭಯ. ವಿದೇಶಾಂಗ ಸಚಿವ ಪರ್ಸಿ ಸ್ಪೆಂಡರ್ ಪಟ್ಟು ಹಿಡಿದು ಆನ್ಜಸ್ ಗಿಟ್ಟಿಸಿದರು. ಜಪಾನ್ ಜೊತೆಗಿನ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದಾದ ಒಂದೇ ವಾರಕ್ಕೆ.

ಕಾಗದ ತೆಳುವಾಗಿದ್ದರಿಂದ ನಂಬಿಕೆಯನ್ನು ರಕ್ತದಿಂದ ಗಟ್ಟಿ ಮಾಡಿಕೊಳ್ಳುವ ರೂಢಿ ಬೆಳೆಯಿತು. ಆಸ್ಟ್ರೇಲಿಯಾದಲ್ಲಿ ಇದನ್ನು ವಿಮೆಯ ಕಂತು ಅಂತಲೇ ಟೀಕಿಸುವವರಿದ್ದಾರೆ. ಆ ಹೋಲಿಕೆ ನನಗೂ ಸರಿ ಅನ್ನಿಸುತ್ತೆ. ಅಮೆರಿಕ ಎಲ್ಲಿ ಯುದ್ಧಕ್ಕೆ ಹೋದರೂ ಜೊತೆಗೆ ಹೋಗುವುದು. ವಿಯೆಟ್ನಾಂಗೆ ಸುಮಾರು 60,000 ಆಸ್ಟ್ರೇಲಿಯನ್ನರು ಹೋದರು, 500ಕ್ಕೂ ಹೆಚ್ಚು ಮಂದಿ ಸತ್ತರು. ಕಡ್ಡಾಯ ಸೇವೆಗೆ 20 ವರ್ಷದ ಹುಡುಗರನ್ನು ಹುಟ್ಟಿದ ದಿನಾಂಕದ ಮೇಲೆ ಲಾಟರಿ ಎತ್ತಿ ಆರಿಸುತ್ತಿದ್ದರು. ಆಗ ಅಲ್ಲಿ ಮತದಾನದ ವಯಸ್ಸು 21. ಯುದ್ಧಕ್ಕೆ ಕಳಿಸುವ ಸರ್ಕಾರವನ್ನು ಬದಲಿಸುವ ಹಕ್ಕೇ ಆ ಹುಡುಗರಿಗೆ ಇರಲಿಲ್ಲ. 18ಕ್ಕೆ ಇಳಿದದ್ದು 1973ರಲ್ಲಿ, ಪಡೆಗಳು ವಾಪಸ್ ಬಂದ ಮೇಲೆ.

ಕಂತು ಕಟ್ಟಿದವರಿಗೆ ಕ್ಲೇಮ್ ಸಿಕ್ಕಿತಾ? 1999ರಲ್ಲಿ ಪೂರ್ವ ಟಿಮೋರ್ ಜನ ಇಂಡೋನೇಷ್ಯಾದಿಂದ ಬೇರೆಯಾಗಲು ಮತ ಹಾಕಿದಾಗ ಅಲ್ಲಿ ಹತ್ಯಾಕಾಂಡ ಶುರುವಾಯಿತು. ವಿಶ್ವಸಂಸ್ಥೆಯ ಒಪ್ಪಿಗೆಯ ಅಂತಾರಾಷ್ಟ್ರೀಯ ಪಡೆಯನ್ನು ಆಸ್ಟ್ರೇಲಿಯಾ ಮುನ್ನಡೆಸಬೇಕಾಯಿತು. ಪ್ರಧಾನಿ ಜಾನ್ ಹೊವಾರ್ಡ್ ಅಮೆರಿಕದ ಕಾಲಾಳುಗಳನ್ನು ಕೇಳಿದರು. ಅಧ್ಯಕ್ಷ ಕ್ಲಿಂಟನ್ ಒಪ್ಪಲಿಲ್ಲ. ಸಾಗಣೆ, ಸಂವಹನ, ಗುಪ್ತಚರ ಮಾಹಿತಿ ಕೊಟ್ಟರು, ಇಂಡೋನೇಷ್ಯಾದ ಮೇಲೆ ಒತ್ತಡ ಹಾಕಿದರು. ಅದು ಸಣ್ಣ ಸಹಾಯವೇನಲ್ಲ. ಆದರೂ ಹೊವಾರ್ಡ್ ಕೇಳಿದ್ದು ಅದಲ್ಲ. ತಮಾಷೆ ಏನಂದರೆ ಆನ್ಜಸ್ ಒಪ್ಪಂದವನ್ನು ಅಧಿಕೃತವಾಗಿ ಬಳಸಿದ್ದು ಒಮ್ಮೆ ಮಾತ್ರ. ಅದು 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಅಮೆರಿಕದ ನೆರವಿಗೆ ಆಸ್ಟ್ರೇಲಿಯಾ ಬಳಸಿದ್ದು.

ಸಂಬಂಧದ ನಿಜವಾದ ತೂಕ ಇರೋದು ಕಾಗದದಲ್ಲಲ್ಲ, ನೆಲದಲ್ಲಿ. ಆಸ್ಟ್ರೇಲಿಯಾದ ನಡುಮಧ್ಯದಲ್ಲಿ, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಹತ್ತಿರ ಪೈನ್ ಗ್ಯಾಪ್ ಎಂಬ ಜಾಗ ಇದೆ. ಕೆಂಪು ಮಣ್ಣಿನ ಮೇಲೆ ದೈತ್ಯ ಗಾಲ್ಫ್ ಚೆಂಡುಗಳಂಥ ಬಿಳಿ ಗುಮ್ಮಟಗಳು. ಒಳಗೆ ಇರೋದು ಆಂಟೆನಾಗಳು. 1966ರಲ್ಲಿ ಒಪ್ಪಂದವಾಗಿ 1970ರಲ್ಲಿ ಕೆಲಸ ಶುರುಮಾಡಿದ ಈ ನೆಲೆಯನ್ನು ಮೊದಲು ‘ಬಾಹ್ಯಾಕಾಶ ಸಂಶೋಧನಾ ಕೇಂದ್ರ’ ಅಂತ ಕರೆದಿದ್ದರು. ಅದರ ಅಸಲಿ ಕೆಲಸ ಅಮೆರಿಕದ ಬೇಹು ಉಪಗ್ರಹಗಳನ್ನು ನಿಯಂತ್ರಿಸುವುದು, ಅವು ಹಿಡಿದ ಸಂಕೇತಗಳನ್ನು ಇಳಿಸಿಕೊಂಡು ವಿಶ್ಲೇಷಿಸುವುದು. ಖಂಡದ ನಡುವೆಯೇ ಯಾಕೆ ಅಂದರೆ, ಕರಾವಳಿಯಾಚೆ ನಿಂತ ಶತ್ರುವಿನ ಬೇಹು ಹಡಗಿಗೆ ಅಲ್ಲಿನ ಸಂಕೇತಗಳು ಎಟುಕುವುದಿಲ್ಲ. ಕ್ಷಿಪಣಿ ಹಾರಿದ ಕೂಡಲೇ ಎಚ್ಚರಿಸುವ ವ್ಯವಸ್ಥೆಗೂ ಈ ನೆಲೆ ಬೇಕು. ಅದಕ್ಕೇ ಅಣುಯುದ್ಧವಾದರೆ ಇದು ಮೊದಲ ಗುರಿಗಳಲ್ಲೊಂದು ಎಂಬ ಮಾತು ಶೀತಲ ಸಮರದ ಕಾಲದಿಂದಲೂ ಇದೆ. ಪಶ್ಚಿಮ ಕರಾವಳಿಯ ನಾರ್ತ್ ವೆಸ್ಟ್ ಕೇಪ್‌ನಲ್ಲಿ ಮುಳುಗಿರುವ ಸಬ್‌ಮರಿನ್‌ಗಳಿಗೆ ಸಂದೇಶ ಕಳಿಸುವ ಕೇಂದ್ರ ಇದೆ. ಡಾರ್ವಿನ್‌ಗೆ 2012ರಿಂದ ಪ್ರತಿ ವರ್ಷ ಅಮೆರಿಕದ ಮರೀನ್ ಸೈನಿಕರು ಸರದಿಯ ಮೇಲೆ ಬರುತ್ತಾರೆ. ಮೊದಲ ವರ್ಷ 200 ಜನ, 2019ಕ್ಕೆ 2,500.

ಹೀಗೆ ನೆಲ ಕೊಟ್ಟ ಮೇಲೆ ‘ನಾವು ಈ ಯುದ್ಧಕ್ಕೆ ಬರೋಲ್ಲ’ ಅನ್ನೋದು ಎಷ್ಟು ಸಾಧ್ಯ? ಸೈನಿಕರನ್ನು ಕಳಿಸದೇ ಇರಬಹುದು. ಆದರೆ ಪೈನ್ ಗ್ಯಾಪ್‌ನಿಂದ ಹೋದ ಮಾಹಿತಿಯಲ್ಲಿ ಬಾಂಬ್ ಬಿದ್ದರೆ ಆಸ್ಟ್ರೇಲಿಯಾ ಯುದ್ಧದ ಹೊರಗಿದೆ ಅಂತ ಎದುರಾಳಿ ಒಪ್ಪುತ್ತಾನಾ? ನನ್ನ ಪ್ರಕಾರ ಈ ಮೈತ್ರಿಯ ಅತಿ ಕಷ್ಟದ ಪ್ರಶ್ನೆ ಇದೇ.

ಬೇಡ ಅಂದವರೂ ಇದ್ದಾರೆ. ಡೇವಿಡ್ ಲಾಂಗಿ ಸರ್ಕಾರ ಬಂದ ಮೇಲೆ ನ್ಯೂಜಿಲೆಂಡ್ ಅಣ್ವಸ್ತ್ರ ಹಡಗುಗಳಿಗೆ ಬಂದರು ಮುಚ್ಚಿತು. 1985ರಲ್ಲಿ ಅಣ್ವಸ್ತ್ರ ಇದೆಯೋ ಇಲ್ಲವೋ ಎಂದು ಹೇಳಲೊಪ್ಪದ ಅಮೆರಿಕದ ಯುದ್ಧನೌಕೆಗೆ ಪ್ರವೇಶ ನಿರಾಕರಿಸಿತು. 1986ರಲ್ಲಿ ಅಮೆರಿಕ ಆನ್ಜಸ್‌ನಡಿ ನ್ಯೂಜಿಲೆಂಡ್‌ಗಿದ್ದ ರಕ್ಷಣಾ ಹೊಣೆಯನ್ನು ಅಮಾನತಿನಲ್ಲಿಟ್ಟಿತು. ನ್ಯೂಜಿಲೆಂಡ್ ಮರುವರ್ಷ ಅಣ್ವಸ್ತ್ರಮುಕ್ತ ಕಾನೂನನ್ನೇ ಮಾಡಿಕೊಂಡಿತು, ಅದು ಇವತ್ತಿಗೂ ಇದೆ.

ಯುದ್ಧಕ್ಕೆ ಹೋಗುವ ನಿರ್ಧಾರ ಯಾರದ್ದು ಅನ್ನೋದೂ ಮುಖ್ಯ. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಸಂಸತ್ತಿನ ಮತ ಬೇಕಿಲ್ಲ, ಸರ್ಕಾರ ತೀರ್ಮಾನಿಸಿದರೆ ಸಾಕು. 2003ರಲ್ಲಿ ಲಕ್ಷಾಂತರ ಜನ ಬೀದಿಗಿಳಿದರೂ ಹೊವಾರ್ಡ್ ಇರಾಕ್‌ಗೆ ಸುಮಾರು 2,000 ಸೈನಿಕರನ್ನು ಕಳಿಸಿದರು. 2023ರಲ್ಲಿ ಸಂಸದೀಯ ಸಮಿತಿ ಈ ಪದ್ಧತಿಯನ್ನು ಪರಿಶೀಲಿಸಿ, ಅಧಿಕಾರ ಸರ್ಕಾರದಲ್ಲೇ ಇರಲಿ ಎಂದಿತು. ನಮ್ಮಲ್ಲೂ ಯುದ್ಧಕ್ಕೆ ಸಂಸತ್ತಿನ ಮತ ಕಡ್ಡಾಯವಲ್ಲ. ಆದರೆ ಅದೇ 2003ರ ಜುಲೈನಲ್ಲಿ ಇರಾಕ್‌ಗೆ ಸೇನೆ ಕಳಿಸಿ ಎಂಬ ಅಮೆರಿಕದ ಕೋರಿಕೆಯನ್ನು ವಾಜಪೇಯಿ ಸರ್ಕಾರ ನಿರಾಕರಿಸಿತು. ಕಟ್ಟಬೇಕಾದ ಕಂತು ಭಾರತಕ್ಕಿರಲಿಲ್ಲ. 2016ರಲ್ಲಿ ನಾವು ಅಮೆರಿಕದ ಜೊತೆ ಇಂಧನ, ದುರಸ್ತಿಗಳ ಪರಸ್ಪರ ನೆರವಿನ ಒಪ್ಪಂದ ಮಾಡಿಕೊಂಡೆವು. ಅದರಲ್ಲಿ ನೆಲೆ ಕೊಡುವ ಮಾತಿಲ್ಲ.

ಈಗಿನ ದೊಡ್ಡ ಕಂತು ಆಕಸ್. ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ 2021ರ ಸೆಪ್ಟೆಂಬರ್‌ನಲ್ಲಿ ಇದನ್ನು ಘೋಷಿಸಿದವು, ಫ್ರಾನ್ಸ್ ಜೊತೆಗಿನ ಸಬ್‌ಮರಿನ್ ಒಪ್ಪಂದವನ್ನು ಆಸ್ಟ್ರೇಲಿಯಾ ಕೈಬಿಟ್ಟಿತು. ಸಿಟ್ಟಾದ ಫ್ರಾನ್ಸ್ ತನ್ನ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡಿತು. 2030ರ ದಶಕದ ಆರಂಭದಿಂದ ಅಮೆರಿಕದ ಕನಿಷ್ಠ ಮೂರು ವರ್ಜೀನಿಯಾ ದರ್ಜೆಯ ಸಬ್‌ಮರಿನ್ ಖರೀದಿ, ಆಮೇಲೆ ಬ್ರಿಟನ್ ಜೊತೆ ಸೇರಿ ಹೊಸ ಮಾದರಿ. ಓಡೋದು ಅಣುಶಕ್ತಿಯಿಂದ, ಅಣ್ವಸ್ತ್ರ ಇರೋದಿಲ್ಲ. ಸರ್ಕಾರದ ಅಂದಾಜು ವೆಚ್ಚ ಸುಮಾರು ಮೂರು ದಶಕಗಳಲ್ಲಿ 268ರಿಂದ 368 ಶತಕೋಟಿ ಆಸ್ಟ್ರೇಲಿಯನ್ ಡಾಲರ್. ಅಮೆರಿಕದ ಹಡಗುಕಟ್ಟೆಗಳನ್ನು ಬಲಪಡಿಸಲೆಂದೇ 3 ಶತಕೋಟಿ ಅಮೆರಿಕನ್ ಡಾಲರ್. 2025ರ ಫೆಬ್ರವರಿಯಲ್ಲಿ ಮೊದಲ 50 ಕೋಟಿ ಸಂದಾಯವಾಗಿದೆ.

ಆ ಹಡಗುಕಟ್ಟೆಗಳು ವರ್ಷಕ್ಕೆ ಒಂದೂಚಿಲ್ಲರೆ ಸಬ್‌ಮರಿನ್ ಕಟ್ಟುತ್ತಿವೆ. ತಮ್ಮ ನೌಕಾಪಡೆಗೂ ಆಸ್ಟ್ರೇಲಿಯಾಕ್ಕೂ ಸಾಲಬೇಕೆಂದರೆ ಎರಡಕ್ಕಿಂತ ಹೆಚ್ಚು ಬೇಕು. 2023ರ ಅಮೆರಿಕದ ಕಾನೂನಿನಲ್ಲಿ ಒಂದು ಷರತ್ತು ಇದೆ. ಸಬ್‌ಮರಿನ್ ಹಸ್ತಾಂತರಕ್ಕೆ 270 ದಿನ ಮೊದಲು, ಇದರಿಂದ ನಮ್ಮ ಸಾಮರ್ಥ್ಯ ಕುಗ್ಗುವುದಿಲ್ಲ ಎಂದು ಅಧ್ಯಕ್ಷರು ಕಾಂಗ್ರೆಸ್‌ಗೆ ಪ್ರಮಾಣೀಕರಿಸಬೇಕು. ಟ್ರಂಪ್ ಆಡಳಿತ 2025ರ ಜೂನ್‌ನಲ್ಲಿ ಆಕಸ್ ಮರುಪರಿಶೀಲನೆಗೆ ಕೂತಿತು. ಅಕ್ಟೋಬರ್‌ನಲ್ಲಿ ಪ್ರಧಾನಿ ಆಲ್ಬನೀಸ್ ಎದುರು ಟ್ರಂಪ್ ಯೋಜನೆಗೆ ಬೆಂಬಲ ಹೇಳಿದರು. ಆದರೆ ಮೊದಲ ಸಬ್‌ಮರಿನ್‌ಗೆ ಆ ಸಹಿ ಹಾಕಬೇಕಾದ ಅಧ್ಯಕ್ಷರು ಇನ್ನೂ ಆಯ್ಕೆಯೇ ಆಗಿಲ್ಲ.