ಔಷಧದಂಗಡಿಯೂ ಸೋಂಕಿನ ನಿವಾರಣೆಯೂ

ಜ್ವರ ಕೆಮ್ಮುಗಳು ಬಂದಾಗ ವೈದ್ಯನಿಗಿಂತ ಮೊದಲು ಔಷಧದಂಗಡಿಯವನನ್ನು ಕಾಣುವುದು ಕನ್ನಡನಾಡಿನ ಸಣ್ಣ ಊರುಗಳಲ್ಲಿ ರೂಢಿಯಾಗಿದೆ. ಆದುದರಿಂದ ಸಾಂಕ್ರಾಮಿಕ ರೋಗದ ಕಾಲಕ್ಕೆ ಆ ಅಂಗಡಿಯವನು ಏನನ್ನು ಕಲಿತಿದ್ದನು, ಏನನ್ನು ಕಲಿತಿರಲಿಲ್ಲ ಎಂಬುದು ಚರಿತ್ರೆಯು ವಿಚಾರಿಸತಕ್ಕ ವಿಷಯವೇ ಆಗಿದೆ.

ಸೋಂಕಿನ ಜ್ಞಾನವು ಈ ದೇಶಕ್ಕೆ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು ಕುರಿತು ಒಂದು ಅಧ್ಯಾಯವೇ ಉಂಟು. ವಾಯು, ಜಲ, ದೇಶ, ಕಾಲಗಳು ಕೆಟ್ಟರೆ ಭಿನ್ನಪ್ರಕೃತಿಯ ಜನರೂ ಏಕಕಾಲದಲ್ಲಿ ಒಂದೇ ರೋಗಕ್ಕೆ ತುತ್ತಾಗುವರೆಂಬುದು ಅದರ ತಾತ್ಪರ್ಯ. ಮೈಯ ಸ್ಪರ್ಶ, ಉಸಿರು, ಸಹಭೋಜನ, ಒಂದೇ ಹಾಸಿಗೆ ಬಟ್ಟೆಗಳ ಬಳಕೆ ಇವುಗಳಿಂದ ಕೆಲವು ರೋಗಗಳು ಒಬ್ಬನಿಂದ ಮತ್ತೊಬ್ಬನಿಗೆ ಸಂಕ್ರಮಿಸುವುವೆಂದು ಸುಶ್ರುತಸಂಹಿತೆಯ ನಿದಾನಸ್ಥಾನವು ತಿಳಿಸುತ್ತದೆ. ಆದರೆ ಚರಕನು ಹೇಳಿದ ಚಿಕಿತ್ಸೆಯ ನಾಲ್ಕು ಪಾದಗಳು ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬುವು. ಔಷಧವನ್ನು ಮಾರುವವನಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ವೈದ್ಯನೇ ಔಷಧವನ್ನು ಸಿದ್ಧಪಡಿಸುತ್ತಿದ್ದ ಕಾಲಕ್ಕೆ ಅದು ಸಹಜವೇ ಸರಿ. ಯೂರೋಪಿನಲ್ಲಿ ಸುಮಾರು 1240ರ ವೇಳೆಗೆ ಚಕ್ರವರ್ತಿ ಎರಡನೆಯ ಫ್ರೆಡರಿಕನ ಶಾಸನವು ಈ ಎರಡು ವೃತ್ತಿಗಳನ್ನು ಬೇರ್ಪಡಿಸಿತು.

ಮೈಸೂರು ಸೀಮೆಯು ಮಹಾಮಾರಿಯನ್ನು ಆಧುನಿಕ ರೀತಿಯಲ್ಲಿ ಎದುರಿಸಿದುದು ಪ್ಲೇಗಿನ ಕಾಲದಲ್ಲಿ. 1898ರ ಆಗಸ್ಟ್ ತಿಂಗಳಲ್ಲಿ ಆ ರೋಗವು ಬೆಂಗಳೂರಿಗೆ ಬಂದಿತು. ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನಿಯಮಿತರಾದರು. ಮಲ್ಲೇಶ್ವರ ಬಸವನಗುಡಿಗಳಂತಹ ಹೊಸ ಬಡಾವಣೆಗಳು ಬೆಳೆದುವು. ಜನರಾದರೋ ಪ್ಲೇಗಮ್ಮನಿಗೆ ಗುಡಿ ಕಟ್ಟಿ ಹರಕೆ ಹೊತ್ತರು. ಒಂದು ಕಡೆ ಸರಕಾರದ ಆಜ್ಞೆ, ಮತ್ತೊಂದು ಕಡೆ ದೇವಿಯ ಮೊರೆ; ಇವೆರಡರ ನಡುವೆ ನಿಂತು ಬೀದಿಯವರಿಗೆ ಅವರ ಮಾತಿನಲ್ಲೇ ಕಾರಣವನ್ನು ತಿಳಿಸಬಲ್ಲವನೊಬ್ಬನು ಬೇಕಾಗಿದ್ದನು.

ಮುಂದೆ ಬಂದ ಕಾನೂನುಗಳು ಔಷಧವಿಕ್ರಯದವನನ್ನು ರೂಪಿಸಿದುದು ಬೇರೊಂದು ಉದ್ದೇಶದಿಂದ. ಕಲಬೆರಕೆಯ ಔಷಧಗಳನ್ನು ಕುರಿತು 1930-31ರಲ್ಲಿ ರಾಮನಾಥ ಛೋಪ್ರಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ವಿಚಾರಣೆ ನಡೆಸಿತು. ಅದರ ಫಲವಾಗಿ 1940ರಲ್ಲಿ ಔಷಧಗಳ ಅಧಿನಿಯಮವೂ 1948ರಲ್ಲಿ ಫಾರ್ಮಸಿ ಅಧಿನಿಯಮವೂ ಹುಟ್ಟಿದುವು. ಆಸ್ಪತ್ರೆಯಲ್ಲಿ ಐದು ವರ್ಷಗಳಿಗೆ ಕಡಮೆಯಿಲ್ಲದೆ ಔಷಧ ಬೆರಸಿ ಕೊಟ್ಟ ಅನುಭವವುಳ್ಳವರಿಗೂ ಮೊದಲ ದಾಖಲೆಯಲ್ಲಿ ಸ್ಥಾನ ದೊರೆಯಿತು. ಔಷಧವು ಶುದ್ಧವಾಗಿರಬೇಕು, ಅರ್ಹನ ಕೈಯಿಂದ ಬರಬೇಕು ಎಂಬುದೇ ಈ ವ್ಯವಸ್ಥೆಯ ಜೀವಾಳ. ಕೊಡುವ ಕೈಯೇ ರೋಗವನ್ನು ದಾಟಿಸಬಹುದೆಂಬ ಯೋಚನೆಗೆ ಅದರಲ್ಲಿ ಪ್ರಾಧಾನ್ಯವಿರಲಿಲ್ಲ.

ಈ ಕೊರತೆಯು ಬೆಳಕಿಗೆ ಬಂದುದು 2020ರಲ್ಲಿ. ಆ ವರ್ಷದ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನಿಗೆ ಒಳಗಾಗಿ ಅಂಗಡಿ ಬೀದಿಗಳು ಮುಚ್ಚಿದರೂ ಔಷಧದಂಗಡಿಗಳು ತೆರೆದಿದ್ದುವು. ಮರುದಿನವೇ ಕೇಂದ್ರಸರಕಾರದ ಎರಡು ಆಜ್ಞೆಗಳು ಹೊರಟುವು: ಒಂದು, ಔಷಧವನ್ನು ಮನೆಬಾಗಿಲಿಗೆ ಮುಟ್ಟಿಸುವುದಕ್ಕೆ ಅನುಮತಿ, ಇನ್ನೊಂದು, ಹೈಡ್ರಾಕ್ಸಿಕ್ಲೋರೋಕ್ವೀನಿನ ಮಾರಾಟಕ್ಕೆ ಕಟ್ಟುಪಾಡು. ಎರಡೂ ಔಷಧಕ್ಕೆ ಸಂಬಂಧಿಸಿದುವು. ಮಾರುವವನ ಆತ್ಮರಕ್ಷಣೆಗೆ ಅಂತರರಾಷ್ಟ್ರೀಯ ಫಾರ್ಮಸಿ ಒಕ್ಕೂಟವು ಫೆಬ್ರವರಿಯಲ್ಲಿಯೇ ಸೂಚನೆಗಳನ್ನು ಪ್ರಕಟಿಸಿದ್ದಿತು. ಆದರೆ ಅಂತಹ ಬರೆಹವು ತಾಲ್ಲೂಕಿನ ಅಂಗಡಿಯವರೆಗೆ ತಾನಾಗಿ ನಡೆದುಬರುವುದಿಲ್ಲ.

ಕಲಿಯಬೇಕಾದುದು ಕಠಿನವಾದುದೇನೂ ಅಲ್ಲ. ಕೈತೊಳೆಯುವುದರ ಮಹತ್ತ್ವವನ್ನು 1847ರಲ್ಲಿಯೇ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸನು ತೋರಿಸಿಕೊಟ್ಟಿದ್ದನು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಕೈಗೆ ಹಚ್ಚುವ ದ್ರವದಲ್ಲಿ ನೂರಕ್ಕೆ 80 ಪಾಲು ಎಥನಾಲ್ ಇಲ್ಲವೆ 75 ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಇರತಕ್ಕುದು. ಅಂಗಡಿಯ ಮೇಜನ್ನು ಒರಸುವುದಕ್ಕೆ ನೂರಕ್ಕೆ 0.1 ಪಾಲಿನ ಹೈಪೊಕ್ಲೋರೈಟ್ ದ್ರಾವಣವು ಸಾಕು. ಮೊದಮೊದಲು ಮುಟ್ಟಿದ ವಸ್ತುಗಳ ಮೇಲೆಯೇ ಎಲ್ಲರ ದೃಷ್ಟಿಯಿದ್ದಿತು. ಉಸಿರಿನ ಗಾಳಿಯೇ ಈ ರೋಗದ ಮುಖ್ಯ ಮಾರ್ಗವೆಂಬುದು ಬರಬರುತ್ತ ದೃಢಪಟ್ಟ ಮೇಲೆ ಮಾಸ್ಕು, ಅಂತರ, ಗಾಳಿಯಾಟಗಳಿಗೆ ಹೆಚ್ಚಿನ ಬೆಲೆ ಬಂದಿತು. ಇವೆಲ್ಲಕ್ಕೂ ಮೇಲಾದುದು ವಿವೇಚನೆ: ಯಾರಿಗೆ ಜ್ವರದ ಮಾತ್ರೆ ಕೊಟ್ಟು ಕಳುಹಿಸಬಹುದು, ಯಾರನ್ನು ತಡಮಾಡದೆ ಆಸ್ಪತ್ರೆಗೆ ಅಟ್ಟಬೇಕು ಎಂಬ ತಿಳಿವಳಿಕೆ.

ಈ ವಿವೇಚನೆಯು ಎಲ್ಲ ಊರುಗಳಿಗೂ ಒಂದೇ ತೆರನಾಗಿರಲಾರದು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯು ಇದಕ್ಕೆ ನಿದರ್ಶನ. ಗೌರೀಬಿದನೂರಿನಲ್ಲಿ ಸೋಂಕು 2020ರ ಮಾರ್ಚಿಯಲ್ಲಿಯೇ ಕಾಣಿಸಿಕೊಂಡಿತು. ಆ ಊರಿಗೆ ಗಡಿಯಾಚೆಯ ಹಿಂದೂಪುರದೊಡನೆ ನಿತ್ಯವ್ಯವಹಾರವುಂಟು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರಿಗೆ ಕೆಮ್ಮು ಉಬ್ಬಸಗಳು ಕಸುಬಿನಿಂದಲೇ ಬರುವುದುಂಟಾದುದರಿಂದ, ಹಳೆಯ ಕೆಮ್ಮಾವುದು ಹೊಸ ಸೋಂಕಾವುದು ಎಂದು ಕೇಳಿ ತಿಳಿಯುವ ಜಾಣ್ಮೆಯು ಅಲ್ಲಿಯ ಅಂಗಡಿಯವನಿಗೆ ವಿಶೇಷವಾಗಿ ಬೇಕು. ಚಿಂತಾಮಣಿ ಚಿಕ್ಕಬಳ್ಳಾಪುರಗಳ ಸಂತೆ ಮಾರುಕಟ್ಟೆಗಳಲ್ಲಿ ಕನ್ನಡ ತೆಲುಗುಗಳೆರಡೂ ನಡೆಯುತ್ತವೆ. ಇಂಗ್ಲಿಷಿನ ಸುತ್ತೋಲೆಯೊಂದನ್ನು ಹಂಚಿದ ಮಾತ್ರಕ್ಕೆ ಇಂತಹ ಕಡೆ ಶಿಕ್ಷಣವಾಯಿತೆಂದು ತಿಳಿಯಲಾಗದು. ಆಡುವ ಮಾತಿನಲ್ಲಿ, ಅಂಗಡಿಯ ಮೇಜಿನ ಮುಂದೆಯೇ, ಮಾಡಿ ತೋರಿಸಿ ಕಲಿಸಬೇಕು.

2020ರ ಅಕ್ಟೋಬರಿನಲ್ಲಿ ಪ್ರಕಟವಾದ ಡಿಪ್ಲೊಮಾ ಶಿಕ್ಷಣದ ಹೊಸ ನಿಯಮಗಳಲ್ಲಿ ಸಾಮಾಜಿಕ ಫಾರ್ಮಸಿ ಎಂಬ ವಿಷಯವು ಸೇರಿ, ಸಾಂಕ್ರಾಮಿಕ ರೋಗಗಳ ಪಟ್ಟಿಯಲ್ಲಿ ಕೋವಿಡ್ ಸಹ ಸ್ಥಾನ ಪಡೆಯಿತು. ಮುಂದಿನವರಿಗೆ ಇದು ದಾರಿ. ಅದಕ್ಕೂ ಮೊದಲೇ ಕಲಿತು ಅಂಗಡಿಯಲ್ಲಿ ಕುಳಿತಿರುವವರ ಸಂಗತಿ ಉಳಿದೇ ಇದೆ. ಮುಂದಿನ ಮಹಾಮಾರಿಯ ಮೊದಲ ದಿನ ರೋಗಿಯು ಬರುವುದು ಅವರ ಬಳಿಗೇ.